ಸೂಪರ್ ಗ್ಲೂ ಮರವನ್ನು ಹಿಡಿಯದಿದ್ದರೆ: ಬಿಟ್ಟುಹೋದ ಜಾಯಿಂಟನ್ನು ನೋಡಿ ಕಾರಣ ಹುಡುಕುವ ಬಗೆ

ಪತ್ತನಾಜೆ ಕಳೆದರೆ ನಮ್ಮ ಕಾಸರಗೋಡಿನ ಕಡೆ ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅದು ಮೇ ತಿಂಗಳ ಕೊನೆಯ ವಾರ. ವೇಷದ ಪೆಟ್ಟಿಗೆಗಳು ರಿಪೇರಿಗೆ ಹೊರಗೆ ಬರುವುದು ಆಮೇಲೆಯೇ. ಬದಿಯಡ್ಕದ ಹತ್ತಿರ ನಮ್ಮ ಮನೆಯ ಜಗಲಿಯಲ್ಲಿ ನಾನು ಮಾಡುವುದು ಸಣ್ಣ ಕೆಲಸ. ಊರಿನ ಮಕ್ಕಳ ತಂಡ ಮತ್ತು ಹವ್ಯಾಸಿ ಸಂಘಗಳ ಮರದ ಆಭರಣಗಳನ್ನು ಸರಿ ಮಾಡಿ ಕೊಡುತ್ತೇನೆ. ಭುಜಕೀರ್ತಿಯ ಒಂದು ಎಸಳು ಮುರಿದಿರುತ್ತದೆ. ಎದೆಪದಕದ ಅಂಚು ಎದ್ದಿರುತ್ತದೆ. ಕಿರೀಟದ ತುದಿಯ ಗುಂಡು ಕಳಚಿರುತ್ತದೆ. ಎಲ್ಲವೂ ಬೆರಳಗಲದ ತುಂಡುಗಳು, ಕ್ಲ್ಯಾಂಪ್ ಹಾಕಲು ಜಾಗವೇ ಇಲ್ಲ. ಇಂಥ ಕಡೆ ಸೂಪರ್ ಗ್ಲೂನಷ್ಟು ಉಪಕಾರಿ ಬೇರೆ ಇಲ್ಲ.

ತೊಂದರೆ ಏನೆಂದರೆ, ನಮ್ಮಲ್ಲಿ ರಿಪೇರಿಯ ಕಾಲವೂ ಮಳೆಗಾಲವೂ ಒಟ್ಟಿಗೇ ಬರುತ್ತವೆ. ಆಟಿ ತಿಂಗಳಲ್ಲಿ ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ, ಮರದ ಕಪಾಟಿನ ಬಾಗಿಲು ಹಾಕಲು ಬರುವುದಿಲ್ಲ. ಈ ಅಂಟಿಗೆ ಅದು ಒಳ್ಳೆಯ ಕಾಲವಲ್ಲ. “ಈ ಗಮ್ ಮೊದಲಿನ ಹಾಗೆ ಇಲ್ಲ” ಎಂಬ ಮಾತು ನಾನು ಜಾಸ್ತಿ ಕೇಳುವುದು ಜುಲೈ ತಿಂಗಳಿನಲ್ಲಿ.

ಮೊನ್ನೆಯೂ ಹಾಗೇ ಆಯಿತು. ಪಕ್ಕದ ಮನೆಯ ಹುಡುಗ ಮಳೆಯಲ್ಲಿ ಓಡಿಕೊಂಡು ಬಂದ.

“ಮಾವ, ಇದು ಹೊಸ ಟ್ಯೂಬು. ಆದರೂ ಹಿಡಿಯುದೇ ಇಲ್ಲ. ಡೂಪ್ಲಿಕೇಟ್ ಇರ್ಬೇಕು.”

“ಟ್ಯೂಬು ಅಲ್ಲಿರಲಿ. ಬಿಟ್ಟ ತುಂಡು ಎಲ್ಲಿ? ಅದನ್ನು ತೋರಿಸು” ಎಂದೆ.

ಅಂಟು ಬಿಟ್ಟಾಗ ಹೆಚ್ಚಿನವರು ಹಳೆ ಅಂಟಿನ ಮೇಲೆಯೇ ಇನ್ನೊಂದು ಹನಿ ಹಾಕುತ್ತಾರೆ, ಇಲ್ಲವಾದರೆ ಹೊಸ ಟ್ಯೂಬು ತರುತ್ತಾರೆ. ದಯವಿಟ್ಟು ಅದಕ್ಕೆ ಮೊದಲು ಬಿಟ್ಟ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಏನು ತಪ್ಪಾಗಿದೆ ಎಂಬುದು ಅಲ್ಲೇ ಕಾಣುತ್ತದೆ.

ಈ ಅಂಟು ಗಟ್ಟಿಯಾಗುವುದು ಹೇಗೆ

ಇದರ ರಾಸಾಯನಿಕ ಹೆಸರು ಸಯನೋಅಕ್ರಿಲೇಟ್. ನಮ್ಮ ಅಂಗಡಿಗಳಲ್ಲಿ ಯಾವ ಕಂಪನಿಯದ್ದಾದರೂ ಜನ ಫೆವಿಕ್ವಿಕ್ ಎಂದೇ ಕೇಳುತ್ತಾರೆ. ಬಿಳಿ ಅಂಟು, ಅಂದರೆ ಫೆವಿಕಾಲ್ ತರದ್ದು, ತನ್ನೊಳಗಿನ ನೀರು ಹೋದ ಹಾಗೆ ಗಟ್ಟಿಯಾಗುತ್ತದೆ. ಇದು ಅದಕ್ಕೆ ಪೂರ್ತಿ ಉಲ್ಟಾ. ಮರದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಯಾವಾಗಲೂ ಇರುತ್ತದೆ. ಅದು ತಾಗಿದ ಕೂಡಲೇ ಅಂಟಿನ ಕಣಗಳು ಒಂದಕ್ಕೊಂದು ಸರಪಳಿಯ ಹಾಗೆ ಕೊಂಡಿ ಹಾಕಿಕೊಳ್ಳುತ್ತವೆ. ಟ್ಯೂಬಿನೊಳಗೆ ಹಾಗೆ ಆಗದಿರಲಿ ಎಂದು ತಯಾರಿಸುವಾಗಲೇ ಒಂದಿಷ್ಟು ಆಮ್ಲ ಸೇರಿಸಿರುತ್ತಾರೆ.

1942ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಎಂಬ ವಿಜ್ಞಾನಿ ಬಂದೂಕಿನ ಗುರಿ ನೋಡುವ ಸಾಧನಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಆಗ ಈ ವಸ್ತು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಎಂದು ಅದನ್ನು ಬದಿಗಿಟ್ಟರು. 1951ರಲ್ಲಿ ಅವರ ಜೊತೆಗಾರ ಫ್ರೆಡ್ ಜಾಯ್ನರ್ ಅದನ್ನು ಪರೀಕ್ಷಿಸುವಾಗ ಉಪಕರಣದ ಎರಡು ಗಾಜಿನ ಪಟ್ಟಕಗಳು ಅಂಟಿಕೊಂಡು ಬಿಟ್ಟವು. ಇದು ಒಳ್ಳೆಯ ಅಂಟು ಎಂದು ಹೊಳೆದದ್ದು ಆಗ. ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಅವತ್ತು ಅವರನ್ನು ಕಾಡಿದ್ದೂ ಮೇಲ್ಮೈಯ ತೇವವೇ. ನಮ್ಮ ಜಗಲಿಯಲ್ಲಿ ಕಾಡುವುದೂ ಅದೇ.

ಗಾಳಿಯ ತೇವಾಂಶ ನೂರಕ್ಕೆ 40ರಿಂದ 60ರ ಒಳಗೆ ಇದ್ದರೆ ಈ ಅಂಟಿಗೆ ಹಿತ. ತೀರಾ ಒಣ ಹವೆಯಲ್ಲಿ ನಿಧಾನವಾಗುತ್ತದೆ. ತೇವ ತುಂಬಾ ಇದ್ದರೆ ಗಡಿಬಿಡಿಯಲ್ಲಿ ಗಟ್ಟಿಯಾಗಿ ಬಲ ಕಡಿಮೆಯಾಗುತ್ತದೆ. ನಮ್ಮ ಮಳೆಗಾಲದಲ್ಲಿ ಅದು 80, 90 ದಾಟಿರುತ್ತದೆ.

ತಪ್ಪು ಅಂಟಿನದ್ದೋ, ಮರದ್ದೋ?

ಇದನ್ನು ಐದು ನಿಮಿಷದಲ್ಲಿ ತಿಳಿಯಬಹುದು. ಎರಡು ಐಸ್ ಕ್ಯಾಂಡಿ ಕಡ್ಡಿ ತೆಗೆದುಕೊಳ್ಳಿ. ತೊಳೆದು, ಚೆನ್ನಾಗಿ ಒಣಗಿದ್ದಾಗಬೇಕು. ತುದಿಯನ್ನು ಉಪ್ಪು ಕಾಗದದಲ್ಲಿ ಸ್ವಲ್ಪ ತಿಕ್ಕಿ, ಒಂದೇ ಒಂದು ಹನಿ ಹಾಕಿ ಒತ್ತಿ ಹಿಡಿಯಿರಿ. ಒಂದು ನಿಮಿಷದೊಳಗೆ ಹಿಡಿದರೆ ನಿಮ್ಮ ಟ್ಯೂಬಿಗೆ ಏನೂ ಆಗಿಲ್ಲ. ತೊಂದರೆ ಇರುವುದು ನೀವು ಅಂಟಿಸುತ್ತಿರುವ ವಸ್ತುವಿನಲ್ಲಿ ಅಥವಾ ಅಂಟಿಸುವ ಕ್ರಮದಲ್ಲಿ. ಎರಡು ಮೂರು ನಿಮಿಷ ಕಳೆದರೂ ಕಡ್ಡಿ ಜಾರುತ್ತಿದ್ದರೆ ಅಂಟು ಹಳೆಯದಾಗಿದೆ. ಹನಿ ಬೀಳುವಾಗ ಜೇನಿನ ಹಾಗೆ ನೂಲು ಎಳೆದರೂ ಅದೇ ಅರ್ಥ. ಜೆಲ್ ಅಂಟು ಮೊದಲಿನಿಂದಲೂ ದಪ್ಪ, ಅದಕ್ಕೆ ಈ ನೂಲಿನ ಲೆಕ್ಕ ಬೇಡ.

ನಮ್ಮ ಹುಡುಗನ ಟ್ಯೂಬು ಇಪ್ಪತ್ತು ಸೆಕೆಂಡಿನಲ್ಲಿ ಕಡ್ಡಿಯನ್ನು ಹಿಡಿಯಿತು.

ಬಿಟ್ಟ ಮುಖದಲ್ಲಿ ಏನಿದೆ?

ಎರಡೂ ಮುಖ ಗಾಜಿನ ಹಾಗೆ ಹೊಳೆಯುತ್ತಿದೆಯೇ? ಹಾಗಾದರೆ ಅಂಟು ಜಾಸ್ತಿಯಾಗಿದೆ. ಹುಡುಗ ತಂದ ಎಸಳಿನಲ್ಲಿ ಕಂಡದ್ದು ಇದೇ. “ಸರಿ ಹಿಡಿಯಲಿ ಅಂತ ಅರ್ಧ ಟ್ಯೂಬು ಹಾಕಿದ್ದೆ ಮಾವ” ಎಂದ. ಅವನ ತಪ್ಪಲ್ಲ, ಎಲ್ಲರೂ ಹಾಗೆಯೇ ಯೋಚಿಸುತ್ತಾರೆ. ಆದರೆ ತೇವ ಇರುವುದು ಮರದ ಮೇಲ್ಮೈಯಲ್ಲಿ. ಅಂಟಿನ ಪದರ ದಪ್ಪವಾದರೆ ನಡುವಿನ ಭಾಗಕ್ಕೆ ಆ ತೇವ ತಲುಪುವುದೇ ಇಲ್ಲ. ಅಂಚು ಗಟ್ಟಿಯಾಗುತ್ತದೆ, ಒಳಗೆ ಗಂಟೆಗಟ್ಟಲೆ ಹಸಿಯಾಗಿಯೇ ಇರುತ್ತದೆ. ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಒಂದು ಹನಿ ಸಾಕು. ಒತ್ತಿದಾಗ ಅಂಚಿನಲ್ಲಿ ಅಂಟು ಉಕ್ಕಿ ಬಂದರೆ ಮುಂದಿನ ಸಲ ಕಡಿಮೆ ಹಾಕಿ.

ನೀರಿನ ಹಾಗೆ ಹರಿಯುವ ತೆಳು ಬಗೆಯ ಸೂಪರ್ ಗ್ಲೂ ಆದರೆ ಇನ್ನೊಂದು ಒಳ್ಳೆಯ ದಾರಿ ಇದೆ. ಎರಡೂ ತುಂಡನ್ನು ಒಣಗಿದ್ದ ಹಾಗೆಯೇ ಸರಿಯಾಗಿ ಕೂರಿಸಿ ಹಿಡಿಯಿರಿ. ಸಂದಿನ ಬಾಯಿಗೆ ಟ್ಯೂಬಿನ ತುದಿ ತಾಗಿಸಿ ಒಂದು ಹನಿ ಬಿಡಿ. ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಸಂದೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಮುರಿದ ಗೆರೆ ಹೊಸದಾಗಿದ್ದು, ತುಂಡುಗಳು ಕರಾರುವಾಕ್ಕಾಗಿ ಕೂರುವಾಗ ನಾನು ಇದನ್ನೇ ಮಾಡುವುದು.

ಅಂಟು ಒಂದೇ ಮುಖದಲ್ಲಿದ್ದು, ಇನ್ನೊಂದು ಮುಖ ಸ್ವಚ್ಛವಾಗಿದ್ದರೆ ಆ ಸ್ವಚ್ಛ ಮುಖವನ್ನೇ ಅನುಮಾನಿಸಿ. ಅಲ್ಲಿ ಹಳೆ ಪಾಲಿಷ್, ಬಣ್ಣ, ಎಣ್ಣೆ, ಮೇಣ ಅಥವಾ ಉಪ್ಪು ಕಾಗದದ ಹುಡಿ ಇದ್ದೀತು. ನಮ್ಮ ಆಭರಣಗಳಲ್ಲಿ ಬೇಗಡೆ, ಅಂದರೆ ಹೊಳೆಯುವ ತೆಳು ಹಾಳೆ, ಅಂಟಿಸಿದ ಹಳೆ ಗೋಂದು ಇರುತ್ತದೆ. ಅದನ್ನು ಉಳಿಯ ಮೊನೆಯಿಂದ ಕೆರೆದು, ಮರ ಕಾಣುವವರೆಗೆ ತಿಕ್ಕಬೇಕು. ಸಾಗುವಾನಿ, ಬೀಟೆಯಂಥ ಮರಗಳಲ್ಲಿ ಎಣ್ಣೆ ಮರದೊಳಗೇ ಇದೆ. ಅಂಟಿಸುವ ಸ್ವಲ್ಪ ಮೊದಲು ಅಸಿಟೋನ್‌ನಲ್ಲಿ ಒರಸಿ, ಅದು ಹಾರಿಹೋದ ಕೂಡಲೇ ಅಂಟಿಸಿ. ನಿನ್ನೆ ಒರಸಿಟ್ಟು ಇವತ್ತು ಅಂಟಿಸಿದರೆ ಪ್ರಯೋಜನವಿಲ್ಲ. ಅಷ್ಟರಲ್ಲಿ ಒಳಗಿನ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ. ತೆಂಗಿನೆಣ್ಣೆ ಕೈಯಿಂದ ಮುಟ್ಟಿದರೂ ಸಾಕು, ಹಿಡಿತ ಕೆಡುತ್ತದೆ. ತಲೆಗೆ ಎಣ್ಣೆ ಹಚ್ಚಿ ಸೀದಾ ಕೆಲಸಕ್ಕೆ ಕೂರುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಸಾಬೂನಿನಲ್ಲಿ ಕೈ ತೊಳೆದು, ಪೂರ್ತಿ ಒಣಗಿಸಿಕೊಂಡು ಕೂರಿ.

ಮೂರನೆಯ ಬಗೆಯಲ್ಲಿ ಎರಡೂ ಮುಖ ಒಣಗಿದ ಹಾಗಿದ್ದು, ಮರ ಮಾತ್ರ ನೆನೆದ ಹಾಗೆ ಕಪ್ಪಾಗಿರುತ್ತದೆ. ಅಂಟನ್ನು ಮರ ಕುಡಿದಿದೆ. ಹಗುರ ಮರಕ್ಕೆ, ಅದರಲ್ಲೂ ಅಡ್ಡ ಕೊಯ್ದ ಮುಖಕ್ಕೆ, ಇದು ಸಾಮಾನ್ಯ. ಆಭರಣಗಳಿಗೆ ಬಳಸುವುದು ಹಗುರ ಮರವನ್ನೇ, ಇಲ್ಲದಿದ್ದರೆ ವೇಷಧಾರಿ ಇಡೀ ರಾತ್ರಿ ಹೊತ್ತು ಕುಣಿಯುವುದು ಹೇಗೆ? ಇಲ್ಲಿ ಎರಡು ಹಂತದಲ್ಲಿ ಕೆಲಸ ಮಾಡಿ. ಮೊದಲು ಎರಡೂ ಮುಖಕ್ಕೆ ತೆಳು ಅಂಟು ಸವರಿ, ಜೋಡಿಸದೆ ಪೂರ್ತಿ ಗಟ್ಟಿಯಾಗಲು ಬಿಡಿ. ರಂಧ್ರಗಳು ಮುಚ್ಚುತ್ತವೆ. ಆಮೇಲೆ ಸಮತಟ್ಟಾಗಿ ತಿಕ್ಕಿ, ಹುಡಿ ಊದಿ, ಮಧ್ಯಮ ದಪ್ಪದ ಅಂಟು ಅಥವಾ ಜೆಲ್ ಹಾಕಿ ಜೋಡಿಸಿ. ಈ ಒಂದು ಕ್ರಮದಿಂದ ನನ್ನ ಕೆಲಸದಲ್ಲಿ ವಾಪಸು ಬರುವ ತುಂಡುಗಳು ತುಂಬಾ ಕಡಿಮೆಯಾಗಿವೆ.

ಮರದ ನಾರು ಕಿತ್ತು ಬಂದಿದ್ದರೆ ಅಂಟು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಸೋತದ್ದು ಮರ. ಅಲ್ಲಿಗೆ ಬಿದಿರಿನ ಸಣ್ಣ ಮೊಳೆ ಕೊಟ್ಟು ಬಲ ಮಾಡಬೇಕು. ಅಂಟು ಬದಲಾಯಿಸಿ ಏನೂ ಆಗದು.

ಮುಖದಲ್ಲಿ ಬಿಳಿ ನೊರೆ ಅಥವಾ ಗುಳ್ಳೆ ಕಂಡರೆ ಒಂದೋ ಮರ ಹಸಿಯಾಗಿತ್ತು, ಇಲ್ಲವೇ ಬೇಗ ಗಟ್ಟಿ ಮಾಡುವ ಆಕ್ಟಿವೇಟರ್ ಸ್ಪ್ರೇ ಜಾಸ್ತಿಯಾಯಿತು. ಸ್ಪ್ರೇಯನ್ನು ದೂರದಿಂದ ಒಂದು ಸಲ ಹಾರಿಸಿದರೆ ಸಾಕು. ಹಸಿ ಮರವನ್ನು ಹಳೆ ಪೇಪರಿನಲ್ಲಿ ಸುತ್ತಿ ಅಡುಗೆಮನೆಯ ಅಟ್ಟದಲ್ಲಿ ಎರಡು ಮೂರು ದಿನ ಇಡಿ. ಪೇಪರ್ ಸುತ್ತದಿದ್ದರೆ ಮಸಿ ಮತ್ತು ಒಗ್ಗರಣೆಯ ಎಣ್ಣೆ ಕೂತು ಇನ್ನೊಂದು ತೊಂದರೆ ಶುರುವಾಗುತ್ತದೆ.

ಸಂದು ದೊಡ್ಡದಾಗಿದ್ದರೆ

ತೆಳು ಅಂಟು ಕಾಗದದ ದಪ್ಪದ ಸಂದನ್ನೂ ತುಂಬುವುದಿಲ್ಲ. ಗೆದ್ದಲು ತಿಂದ ಮೂಲೆ, ಚಕ್ಕೆ ಎದ್ದುಹೋದ ಅಂಚು ಇದ್ದರೆ ಅದೇ ಮರದ ನಯವಾದ ಹುಡಿಯನ್ನು ಸಂದಿಗೆ ತುಂಬಿ, ಮೇಲಿಂದ ತೆಳು ಅಂಟಿನ ಹನಿ ಬಿಡಿ. ಅಡುಗೆ ಸೋಡಾ ತುಂಬಿದರೆ ಇನ್ನೂ ಬೇಗ, ಕ್ಷಣದಲ್ಲಿ ಕಲ್ಲಿನ ಹಾಗೆ ಆಗುತ್ತದೆ. ಸೋಡಾ ಕ್ಷಾರ, ಹಾಗಾಗಿ ಟ್ಯೂಬಿನಲ್ಲಿ ಅಂಟನ್ನು ತಡೆದಿಟ್ಟ ಆಮ್ಲದ ಆಟ ಅದರ ಮುಂದೆ ನಡೆಯುವುದಿಲ್ಲ. ಆದರೆ ಬಿಸಿಯೇರುತ್ತದೆ, ಬೆರಳು ದೂರವಿರಲಿ. ಬಣ್ಣ ಬಿಳಿ, ಅದು ಪಾಲಿಷ್ ಹಿಡಿಯುವುದಿಲ್ಲ. ಬೇಗಡೆಯ ಕೆಳಗೆ ಮುಚ್ಚಿಹೋಗುವ ಜಾಗಕ್ಕೆ ಮಾತ್ರ ನಾನು ಸೋಡಾ ಬಳಸುತ್ತೇನೆ. ಕಣ್ಣಿಗೆ ಕಾಣುವ ಮರಕ್ಕೆ ಹುಡಿಯೇ ಒಳ್ಳೆಯದು.

ಸುತ್ತಲೂ ಬಿಳಿ ಪುಡಿ

ಜಾಯಿಂಟು ಗಟ್ಟಿಯಾಗಿದೆ, ಆದರೆ ಅದರ ಸುತ್ತ ಬೂದಿ ಹಾರಿದ ಹಾಗೆ ಬಿಳಿ ಮಸುಕು. ಮಳೆಗಾಲದಲ್ಲಿ ನನಗೆ ಅತಿ ಹೆಚ್ಚು ಬೇಸರ ತರುವ ದೋಷ ಇದು. ಆಭರಣದ ಕನ್ನಡಿ ತುಂಡುಗಳ ಮೇಲೆ ಕೂತರೆ ರಂಗಸ್ಥಳದ ಬೆಳಕಿಗೆ ಅವು ಮಿನುಗುವುದೇ ಇಲ್ಲ. ಅಂಟಿನಿಂದ ಎದ್ದ ಆವಿ ಗಾಳಿಯ ತೇವಕ್ಕೆ ತಾಗಿ ಅಲ್ಲೇ ಪುಡಿಯಾಗಿ ಇಳಿಯುವುದರಿಂದ ಹೀಗೆ ಆಗುತ್ತದೆ.

ಅಂಟು ಕಡಿಮೆ ಹಾಕಿದರೆ ಅರ್ಧ ತೊಂದರೆ ಹೋಯಿತು. ಆವಿ ನಿಂತಲ್ಲೇ ನಿಲ್ಲದಿರಲಿ ಎಂದು ಫ್ಯಾನನ್ನು ದೂರದಲ್ಲಿ ಸಣ್ಣಗೆ ತಿರುಗಿಸಿ. ಅಂಟಿಸಿದ ತುಂಡನ್ನು ಕೂಡಲೇ ಡಬ್ಬಿಯಲ್ಲಿ ಹಾಕಿ ಮುಚ್ಚಬೇಡಿ, ಮುಚ್ಚಿದರೆ ಪುಡಿ ಇಡೀ ತುಂಡಿನ ಮೇಲೆ ಕೂರುತ್ತದೆ. ವಾಸನೆ ಕಡಿಮೆ ಇರುವ ಬಗೆಯ ಸೂಪರ್ ಗ್ಲೂ ಸಿಗುತ್ತದೆ, ಅದರಲ್ಲಿ ಈ ಕಾಟ ತುಂಬಾ ಕಡಿಮೆ, ಬೆಲೆ ಜಾಸ್ತಿ. ಪಾಲಿಷ್ ಇಲ್ಲದ ಮರದ ಮೇಲೆ ಬಂದ ಪುಡಿಯನ್ನು ನಯವಾದ ಉಪ್ಪು ಕಾಗದ ತೆಗೆಯುತ್ತದೆ.

ಕನ್ನಡಿಯನ್ನು ಅಂಟಿಸಲು ಈ ಅಂಟು ಬೇಡವೇ ಬೇಡ. ಗಾಜಿನ ಮೇಲೆ ಅದು ಬೇಗ ಹಿಡಿದರೂ ತೇವಕ್ಕೆ ಕೆಲವು ತಿಂಗಳಲ್ಲಿ ಬಿಡುತ್ತದೆ. ಎರಡು ಭಾಗ ಕಲಸುವ ಎಪಾಕ್ಸಿ ತನ್ನಿ.

ನಿನ್ನೆ ಗಟ್ಟಿ ಇತ್ತು, ಇವತ್ತು ಬಿದ್ದಿತು

ಇದಕ್ಕೆ ಮೂರು ಕಾರಣ ನೋಡಿದ್ದೇನೆ. ಒಂದು, ಅವಸರ. ಅರ್ಧ ನಿಮಿಷದಲ್ಲಿ ಹಿಡಿದದ್ದು ಬರೀ ಹಿಡಿತ. ಪೂರ್ತಿ ಬಲ ಬರಲು 24 ಗಂಟೆ ಬೇಕು. ಎರಡು, ಪೆಟ್ಟು. ಈ ಅಂಟು ನೇರ ಎಳೆತವನ್ನು ಚೆನ್ನಾಗಿ ತಡೆಯುತ್ತದೆ. ಬಡಿತ ಮತ್ತು ಒಂದು ತುದಿಯಿಂದ ಸಿಪ್ಪೆ ಸುಲಿಯುವ ಹಾಗಿನ ಎಳೆತ ಅದಕ್ಕೆ ಆಗುವುದಿಲ್ಲ. ವೇಷಧಾರಿ ಧೀಂಗಿಣ ಹಾಕುವಾಗ, ಅಂದರೆ ಹಾರಿ ಸುತ್ತು ತಿರುಗುವಾಗ, ಭುಜಕೀರ್ತಿಗೆ ಬೀಳುವುದು ಅದೇ ಬಗೆಯ ಪೆಟ್ಟು. ಅಂಥ ಜಾಗಕ್ಕೆ ಹಿಂದಿನಿಂದ ಬಿದಿರಿನ ಸಲಾಕೆ ಕೊಡಿ, ಅಥವಾ ರಬ್ಬರ್ ಬೆರೆಸಿದ ಕಪ್ಪು ಬಣ್ಣದ ಸೂಪರ್ ಗ್ಲೂ ಬಳಸಿ.

ಮೂರನೆಯದು ಬಿಸಿ. ಸಾಮಾನ್ಯ ಸೂಪರ್ ಗ್ಲೂ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ. ತೆಂಗಿನ ಗೆರಟೆಯ (ಚಿಪ್ಪಿನ) ಸೌಟಿನ ಹಿಡಿಯನ್ನು ಇದರಲ್ಲಿ ಅಂಟಿಸಿ ಕೊಡಿ ಎಂದು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಕುದಿಯುವ ಸಾರಿನಲ್ಲಿ ಅದು ನಿಲ್ಲದು, ಊಟದ ಪಾತ್ರೆಗೆ ಈ ಅಂಟು ಸರಿಯೂ ಅಲ್ಲ.

ಕುರ್ಚಿಯ ಕಾಲು, ಹಲಸಿನ ಹಲಗೆಯ ಜೋಡಣೆ ಇಂಥ ದೊಡ್ಡ ಕೆಲಸಕ್ಕೆ ಬಿಳಿ ಅಂಟೇ ಬೇಕು. ಮರ ಮಳೆಗೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಸೂಪರ್ ಗ್ಲೂ ಅದರ ಜೊತೆ ಬಾಗುವುದಿಲ್ಲ. ಆದರೆ ಎರಡನ್ನೂ ಒಟ್ಟಿಗೆ ಬಳಸಬಹುದು. ಮುಖದ ಹೆಚ್ಚಿನ ಭಾಗಕ್ಕೆ ಬಿಳಿ ಅಂಟು ಹಚ್ಚಿ, ಅಲ್ಲಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಸೂಪರ್ ಗ್ಲೂ ಹನಿ ಇಟ್ಟು ಒತ್ತಿ. ಬಿಳಿ ಅಂಟು ಒಣಗುವವರೆಗೆ ಆ ಹನಿಗಳೇ ಕ್ಲ್ಯಾಂಪಿನ ಕೆಲಸ ಮಾಡುತ್ತವೆ.

ಹೊಗೆ ಬಂದರೆ

ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸೂಪರ್ ಗ್ಲೂ ಹತ್ತಿ ಬಟ್ಟೆಗೆ ಬಿದ್ದರೆ ಒಮ್ಮೆಗೇ ಬಿಸಿಯೇರುತ್ತದೆ. ಹೊಗೆ ಏಳುತ್ತದೆ, ಚರ್ಮ ಸುಡುತ್ತದೆ. ಉಣ್ಣೆಗೂ ಹೀಗೇ. ನಾವು ಕೂರುವುದು ಹತ್ತಿಯ ಮುಂಡು ಉಟ್ಟು, ಒರಸುವುದು ಹೆಗಲ ಮೇಲಿನ ಬೈರಾಸಿನಲ್ಲಿ. ಎರಡೂ ಅಪಾಯ. ಆಭರಣದ ತುಂಡುಗಳನ್ನು ಹೊಲಿದು ಕೂರಿಸುವ ಹಿಂಬದಿಯ ಬಟ್ಟೆಯೂ ಹತ್ತಿಯದ್ದೇ. ತೊಡೆಯ ಮೇಲೆ ಇಟ್ಟು ಅಂಟಿಸಬೇಡಿ, ಮೇಜಿನ ಮೇಲೆ ಪಾಲಿಥೀನ್ ಹಾಳೆ ಹಾಸಿ ಅಂಟಿಸಿ. ಈ ಅಂಟು ಪಾಲಿಥೀನಿಗೆ ಹಿಡಿಯುವುದಿಲ್ಲ. ಬಟ್ಟೆಗೂ ಮರಕ್ಕೂ ನಡುವೆ ಅದೇ ಹಾಳೆಯ ತುಂಡನ್ನು ತೂರಿಸಿಡಿ. ಹತ್ತಿಯ ಕೈಗವಸು ಹಾಕಲೇಬಾರದು. ಬಟ್ಟೆಗೆ ಬಿದ್ದೇ ಬಿಟ್ಟರೆ ಕೂಡಲೇ ತುಂಬಾ ನೀರು ಸುರಿಯಿರಿ.

ಟ್ಯೂಬೇ ಗಟ್ಟಿಯಾದರೆ

ಒಂದು ಸಲ ಬಳಸಿದ ಟ್ಯೂಬು ಮುಂದಿನ ವಾರ ಕಲ್ಲಾಗಿರುತ್ತದೆ. ಕಾರಣ ಹೆಚ್ಚಿನ ಸಲ ಅದರ ಮೂತಿಯಲ್ಲಿದೆ. ಬಳಸಿದ ಮೇಲೆ ಟ್ಯೂಬನ್ನು ನೆಟ್ಟಗೆ ಹಿಡಿದು ಮೇಜಿಗೆ ಎರಡು ಸಲ ತಟ್ಟಿ. ಮೂತಿಯಲ್ಲಿ ನಿಂತ ಅಂಟು ಕೆಳಗೆ ಇಳಿಯುತ್ತದೆ. ಮೂತಿಯನ್ನು ಒಣ ಕಾಗದದ ತುದಿಯಲ್ಲಿ ಒಂದು ಸಲ ಒತ್ತಿ, ಮುಚ್ಚಳ ಹಾಕಿ, ನಿಲ್ಲಿಸಿಡಿ. ಮಲಗಿಸಿದರೆ ಮೂತಿಯಲ್ಲೇ ಗಟ್ಟಿಯಾಗುತ್ತದೆ. ಮೂತಿಯನ್ನು ಮರದ ಮೇಲೆ ಉಜ್ಜುತ್ತಾ ಹಚ್ಚುವ ಅಭ್ಯಾಸ ಬಿಡಿ. ಮರದ ತೇವವೂ ಹುಡಿಯೂ ಮೂತಿಯೊಳಗೆ ಹೋಗುತ್ತದೆ.

ತೆರೆಯದ ಟ್ಯೂಬುಗಳನ್ನು ಫ್ರಿಜ್ಜಿನಲ್ಲಿ ಇಡಬಹುದು, ತಂಪಿನಲ್ಲಿ ಅವುಗಳ ಆಯುಸ್ಸು ಜಾಸ್ತಿ. ಗಾಳಿಯಾಡದ ಡಬ್ಬಿಗೆ ಹಾಕಿ, ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಕಣ್ಣಿಗೆ ಬಿಡುವ ಔಷಧಿಯ ಹತ್ತಿರ ಯಾವತ್ತೂ ಇಡಬೇಡಿ. ಎರಡರ ಬಾಟಲಿಯೂ ಒಂದೇ ತರ ಇರುತ್ತದೆ. ಕಣ್ಣಿಗೆ ಅಂಟು ಹೋದರೆ ರೆಪ್ಪೆಯನ್ನು ಎಳೆಯದೆ, ನೀರಿನಲ್ಲಿ ತೊಳೆಯುತ್ತಾ ಸೀದಾ ಡಾಕ್ಟರ ಹತ್ತಿರ ಹೋಗಬೇಕು.

ಫ್ರಿಜ್ಜಿನಿಂದ ತೆಗೆದ ಕೂಡಲೇ ಮುಚ್ಚಳ ತೆಗೆಯುವುದು ನಮ್ಮ ಊರಿನಲ್ಲಿ ದೊಡ್ಡ ತಪ್ಪು. ತಣ್ಣನೆಯ ಟ್ಯೂಬಿಗೆ ಮಳೆಗಾಲದ ಗಾಳಿ ತಾಗಿದರೆ ಹೊರಗೂ ಒಳಗೂ ನೀರು ಹನಿಗಟ್ಟುತ್ತದೆ. ಅಂಟಿಗೆ ಗಟ್ಟಿಯಾಗಲು ಅಷ್ಟೇ ಸಾಕು. ಡಬ್ಬಿ ಸಮೇತ ಹೊರಗಿಟ್ಟು, ಒಂದೆರಡು ಗಂಟೆ ಬಿಟ್ಟು, ಕೈಗೆ ತಂಪು ಅನಿಸದಿದ್ದಾಗ ತೆರೆಯಿರಿ. ಒಮ್ಮೆ ತೆರೆದದ್ದನ್ನು ನಾನು ಫ್ರಿಜ್ಜಿಗೆ ವಾಪಸು ಹಾಕುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಮಾತ್ರೆ ಬಾಟಲಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ, ಕೋಣೆಯಲ್ಲೇ ನಿಲ್ಲಿಸಿಡುತ್ತೇನೆ. ಪೊಟ್ಟಣ ಶಾಶ್ವತವಲ್ಲ. ಮಳೆಗಾಲದಲ್ಲಿ ಆಗಾಗ ಹೊಸದು ಹಾಕಿ.

ಇನ್ನೊಂದು ಮಾತು. ಆಕ್ಟಿವೇಟರ್ ಸ್ಪ್ರೇಯನ್ನೂ ಅಂಟನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ಸ್ಪ್ರೇಯ ಆವಿಯೇ ಟ್ಯೂಬನ್ನು ಕೆಡಿಸುತ್ತದೆ. ಒಂದು ವರ್ಷ ನನ್ನ ನಾಲ್ಕು ಟ್ಯೂಬು ಹಾಗೆ ಹೋದವು, ಕಾರಣ ತಿಳಿಯಲು ತಿಂಗಳು ಬೇಕಾಯಿತು.

ಬೆರಳು ಅಂಟಿಕೊಂಡರೆ ಎಳೆಯಬೇಡಿ. ಬೆಚ್ಚಗಿನ ಸಾಬೂನು ನೀರಿನಲ್ಲಿ ಅದ್ದಿ, ಹೊರಳಿಸುತ್ತಾ ನಿಧಾನಕ್ಕೆ ಬಿಡಿಸಿ. ಅಸಿಟೋನ್ ಇರುವ ಉಗುರು ಬಣ್ಣ ತೆಗೆಯುವ ದ್ರವವೂ ಆಗುತ್ತದೆ.

ಹುಡುಗನ ಎಸಳಿನ ಹಳೆ ಅಂಟನ್ನು ಇಬ್ಬರೂ ಕೂತು ಕೆರೆದೆವು. ಮರ ಅಟ್ಟದಲ್ಲಿ ಎರಡು ದಿನ ಇತ್ತು. ಇವತ್ತು ಬೆಳಿಗ್ಗೆ ಮಳೆ ಬಿಟ್ಟ ಹೊತ್ತಿನಲ್ಲಿ ಮೊದಲ ಪದರ ಕೊಟ್ಟು, ತಿಕ್ಕಿ, ಅವನ ಕೈಯಿಂದಲೇ ಒಂದು ಹನಿ ಹಾಕಿಸಿದೆ. “ಇಷ್ಟೇ ಸಾಕಾ ಮಾವ?” ಎಂದ. ಸಾಕು ಎಂದೆ. ಎಸಳು ಈಗ ಜಗಲಿಯ ಮೇಜಿನ ಮೇಲಿದೆ. ಬಟ್ಟೆಗೆ ಹೊಲಿಯಲು ನಾಳೆ ಸಂಜೆ ಬಾ ಎಂದಿದ್ದೇನೆ.